ತೊಳೆದ ಫಿಲ್ಟರು

ನೆಲ ಸ್ವಚ್ಛ ಮಾಡಲು ಬಡಗಿ ಮೈಬೂಬ ಸ್ವಿಚ್ಚು ಒತ್ತಿದ ಕೂಡಲೇ, ಧೂಳು ಎಳೆದುಕೊಳ್ಳಬೇಕಾದ ಬ್ಯಾಟರಿ ಮಷೀನು ಹಿಂದಿನಿಂದ ಧೂಳನ್ನೇ ಉಗುಳಿತು. ಆಗಷ್ಟೇ ಪಾಲಿಶ್ ಹಚ್ಚಿದ ದೇವರ ಮಂಟಪಕ್ಕೆ ಕಟ್ಟಿಗೆಯ ಹಿಟ್ಟು ಮೆತ್ತಿಕೊಂಡಿತು. ನಾಳೆ ಬೆಳಿಗ್ಗೆ ಅದರಲ್ಲಿ ದೇವರು ಕೂರಬೇಕು. ಒಯ್ಯಲು ಕಮಲಾಪುರದಿಂದ ಬಂದ ತುಂಗಾಬಾಯಿ ಶಹಾಬಜಾರದ ಅವನ ಅಂಗಡಿಯ ಬಾಗಿಲಲ್ಲೇ ನಿಂತಿದ್ದರು.

"ದೇವರು ಬರೂಕಿಂತ ಮೊದಲೇ ಅಭಿಷೇಕ ಮಾಡಿದೇನೋ, ಮೈಬೂಬ?"

ಅವನು ಥಟ್ಟನೆ ಮಷೀನು ಬಂದ್ ಮಾಡಿದ. ಧೂಳು ತಡೆಯುವ ಅದರ ಫಿಲ್ಟರು ತೊಳೆದು ಕಿಟಕಿಯಲ್ಲಿಟ್ಟಿದ್ದ; ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ತಪ್ಪಾತ್ರಿ ಬಾಯಾರ. ನೀವು ಬರೂ ಹೊತ್ತಾತಂತ ಫಿಲ್ಟರ್ ಇಲ್ದನ ಚಾಲೂ ಮಾಡ್ದೆ."

"ಇವತ್ತೇ ಯಾಕ ತೊಳ್ಯಾಕ ಹೋದಿ?"

"ನಿನ್ನೆ ಚಪ್ಪಲ್ ಇಡೂ ಸ್ಟ್ಯಾಂಡ್ ಮಾಡೀನ್ರಿ. ಆ ಧೂಳ ಅದರಾಗ ಇತ್ತು." ಅವನು ತಲೆ ಎತ್ತಲಿಲ್ಲ. "ದೇವರ ಮಂಟಪದ ಧೂಳ ಅದರಾಗ ಹ್ಯಾಂಗ ಕೂಡಸ್ಲಿ?"

ತುಂಗಾಬಾಯಿ ಒಳಗೆ ಬಂದು ಮಂಟಪವನ್ನು ಬಗ್ಗಿ ನೋಡಿದರು. "ಈಗೇನ್ ಮಾಡೂದು?"

"ಪಾಲಿಶ್ ಅರ್ಧಾ ತಾಸು ಒಣಗಬೇಕ್ರಿ. ಆಮ್ಯಾಲ ಎಲ್ಲಾ ಉಜ್ಜಿ, ಮತ್ತೊಂದ್ ಕೈ ಪಾಲಿಶ್. ಒಬ್ಬವನ ಕೈಲೆ ಕಡೀ ಬಸ್ಸಿಗೆ ಆಗೂದಿಲ್ರಿ."

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಟಪದ ಎದುರು ನೆಲದ ಮೇಲೆ ಕುಳಿತರು.

"ಉಜ್ಜೂ ಕಾಗದ ನನಗೂ ಒಂದು ಕೊಡು."