ತವರಿನ ಡಬ್ಬಿ

"ನನ್ ಮಗಳಿಗೆ ಏನ್ ಹಾಕಿದ್ರಿ? ಬಾಯ್ ಬಿಡ್ರೀ!"

ಯಶವಂತಪುರದ ಆಸ್ಪತ್ರೆಯ ವಾರ್ಡು ನಡುಗುವಂತೆ ಕೂಗಿದ ಲಕ್ಕಣ್ಣ. ಮಂಚದ ಮೇಲೆ ಮಗಳು ಸಾಕಮ್ಮ. ಮದುವೆಯಾಗಿ ಎರಡು ತಿಂಗಳು ತುಂಬಿಲ್ಲ. ಅರಿಸಿನ ಹಚ್ಚಿದ್ದ ಮೈಯ ಚರ್ಮ ಬೆಂದ ಗೆಣಸಿನ ಸಿಪ್ಪೆಯಂತೆ ಏಳುತ್ತಿತ್ತು. ಬಾಯಿ ತುಂಬ ಹುಣ್ಣು, ಮಾತು ಹೊರಡದು. ಕಣ್ಣು ಹಳದಿ.

"ನಾವೇನ್ ಹಾಕಾನ ಬೀಗ್ರೇ? ಗಂಜಿ ಕುಡ್ಸಿದ್ದೀವಿ, ಅಷ್ಟೇಯ," ಎಂದಳು ಸೊಸೆಯನ್ನು ಅಬ್ಬಿಗೆರೆಯಿಂದ ಕರೆತಂದಿದ್ದ ಅತ್ತೆ ಮುನಿವೆಂಕಟಮ್ಮ.

"ಗಂಜಿಗೆ ಚರ್ಮ ಸುಲೀತದಾ? ನನ್ ಕಿವಿಗೆ ಹೂ ಮಡಗ್ತೀರಾ?"

ಡಾಕ್ಟರು ಗದರಿದರು. "ಯಾವುದೋ ಮಾತ್ರೆ ಒಗ್ಗದೆ ಹೀಗಾಗಿದೆ. ಲಿವರ್ ಕೂಡ ಕೆಟ್ಟಿದೆ. ಇನ್ನೊಂದು ಚೂರು ಒಳಗೆ ಹೋದ್ರೂ ಉಳಿಯೋದು ಕಷ್ಟ. ಫಿಟ್ಸ್ ಮಾತ್ರೆಯಿಂದ ಹೀಗಾಗಿದ್ದು ನೋಡಿದ್ದೀನಿ. ಇವಳಿಗೆ ಮೂರ್ಛೆ ಬರ್ತಿತ್ತಾ?"

ಬೀಗಿತ್ತಿಯ ಕಿವಿ ನೆಟ್ಟಗಾಯಿತು. ಲಕ್ಕಣ್ಣ ಅವಳತ್ತ ಕಳ್ಳನೋಟ ಬೀರಿದ. ಲಗ್ನಪತ್ರಿಕೆ ಬರೆಸಿದ ವಾರವೇ ಮಗಳು ಹಿತ್ತಿಲಲ್ಲಿ ನೊರೆ ಕಾರಿ ಬಿದ್ದದ್ದು ಕಂಡವರು ಅವನು, ಹೆಂಡತಿ ಗೌರಮ್ಮ ಇಬ್ಬರೇ. 'ಮಾತ್ರೆಗೀತ್ರೆ ಅಂತ ಡಾಕ್ಟರ ಮೆಟ್ಟಿಲು ಹತ್ತಿದ್ರೆ ಕಾಲು ಮುರೀತೀನಿ, ಸಂಬಂಧ ಮುರಿದುಬೀಳ್ತದೆ' ಎಂದು ಅಬ್ಬರಿಸಿದ್ದ. ತಾಯಿತ ಕಟ್ಟಿಸಿದೆ, ವಾಸಿಯಾಯ್ತು ಎಂದಿದ್ದಳು ಗೌರಮ್ಮ.

"ನಮ್ಮ ವಂಶದಾಗೇ ಇಲ್ಲ! ನನ್ ಮಗಳು ಮಾತ್ರೆ ಕಣ್ಣಲ್ಲೂ ಕಂಡಿಲ್ಲ. ಇವರೇ ಏನೋ ಹಾಕವ್ರೆ!"

ಡಾಕ್ಟರು ಅತ್ತ ಹೋದದ್ದೇ ತಡ, ಬೀಗಿತ್ತಿ ತಂದಿದ್ದ ಗಂಜಿಯನ್ನು ಕಿಟಕಿಯಾಚೆ ಚೆಲ್ಲಿದ. "ಇನ್ನು ನಿಮ್ಮನೆ ನೀರೂ ಇವಳಿಗೆ ಬ್ಯಾಡ."

ಈ ವಾರ ಬೀಗರ ಮನೆಗೆಂದು ತಂದಿದ್ದ ಡಬ್ಬಿಯನ್ನು ಚೀಲದಿಂದ ತೆಗೆದ. ಹುರಿಹಿಟ್ಟಿನ ಉಂಡೆ. ಮದುವೆಯಾದಂದಿನಿಂದ ವಾರವಾರವೂ ಅವನೇ ಅಬ್ಬಿಗೆರೆಗೆ ಹೊತ್ತಿದ್ದ. ದಿನಕ್ಕೊಂದೇ, ಅವಳೊಬ್ಬಳೇ ತಿನ್ನಬೇಕು ಎಂದು ಗೌರಮ್ಮ ಪ್ರತಿ ಸಲ ಹೇಳಿ ಕಳಿಸುತ್ತಿದ್ದಳು. ಹೆತ್ತ ಕರುಳು!

ಒಂದಲ್ಲ, ಎರಡು ಉಂಡೆ ಪುಡಿಮಾಡಿ ಹಾಲಲ್ಲಿ ಕಲಸಿದ. ಸಾಕಮ್ಮ ತಲೆಯಾಡಿಸಿದಳು. ಸುಲಿದ ಕೈಯೆತ್ತಿ ಲೋಟ ತಳ್ಳಿದಳು.

"ಅವರ ಗಂಜಿ ಇಳೀತು, ನಿಮ್ಮವ್ವ ಕಟ್ಟಿದ್ದು ಇಳಿಯಾಕಿಲ್ವಾ? ಕುಡಿಯೇ!"

ಗದ್ದ ಹಿಡಿದು ಕುಡಿಸಿದ. ಅವಳ ಕಣ್ಣಲ್ಲಿ ನೀರು ಇಳಿಯಿತು. ಹುಣ್ಣಿನ ಉರಿ ಎಂದುಕೊಂಡ.

ಸುದ್ದಿ ತಿಳಿದು ಗೌರಮ್ಮ ಕೊಡಿಗೇಹಳ್ಳಿಯಿಂದ ಬಿ.ಟಿ.ಎಸ್. ಬಸ್ಸು ಹಿಡಿದು ಓಡಿಬಂದಳು. ಡಾಕ್ಟರು ಅಂದದ್ದನ್ನೆಲ್ಲ ಲಕ್ಕಣ್ಣ ಹೇಳಿದ. ಬರಿದಾದ ಲೋಟವನ್ನೂ ಎತ್ತಿ ತೋರಿಸಿದ.

ಗೌರಮ್ಮ ಡಬ್ಬಿಯ ಮೇಲೆ ಕುಸಿದಳು. "ತಾಯಿತ ಸುಳ್ಳು ಕಣಯ್ಯಾ... ಫಿಟ್ಸ್ ಮಾತ್ರೆ ಅರೆದು ಈ ಉಂಡೆಯಾಗೇ ಕಟ್ತಿದ್ದೆ."