ಸದ್ದಿಲ್ಲದ ಚೆಂಡು

ಯಾರಾದರೂ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ನಾನು ಈಗಲೂ ಮುಖ ತಿರುಗಿಸುತ್ತೇನೆ.

ಬೆಂಗಳೂರಿನ ಎ ಡಿವಿಷನ್ ಫುಟ್‌ಬಾಲ್ ಲೀಗಿನಲ್ಲಿ ಒಂದು ಸೀಸನ್ ಪೂರ್ತಿ ಎಕ್ಸ್‌ಟ್ರಾ ಆಟಗಾರನಾಗಿ ಕೂತೇ ಕಳೆದ ಚಿಕ್ಕಪ್ಪ, ಆ ಮಧ್ಯಾಹ್ನ ತಿಪಟೂರು ಬಸ್ಸಿಳಿದು ಮನೆಗೆ ಬಂದ. ಕಂಕುಳಲ್ಲಿ ನನಗೆಂದು ತಂದ ಚರ್ಮದ ಚೆಂಡಿತ್ತು.

ತಾತ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ, ಒಳಗೆ ಒಣಗಿ ಬಿಟ್ಟುಕೊಂಡ ಕೊಬ್ಬರಿ ಗುಡುಗುಡು ಅನ್ನುತ್ತದೆಯೇ ಎಂದು ಕಿವಿಗೊಡುತ್ತಿದ್ದರು. ಚೆಂಡನ್ನೂ ಇಸಕೊಂಡು ಹಾಗೆಯೇ ಅಲ್ಲಾಡಿಸಿ, ಚಿಕ್ಕಪ್ಪನಿಗೆ ಹೇಳಿದರು.

“ವರ್ಷ ಅಟ್ಟದ ಮೇಲಿದ್ರೆ ಕಾಯಿನೂ ಕೊಬ್ರಿ ಆಯ್ತದೆ ಕಣ್ಲಾ. ನಿಂದು ವರ್ಷ ಕೂತ್ರೂ ಸದ್ದೇ ಇಲ್ವಲ್ಲ!”

ಕಾಯಿ ಸುಲಿಯುವವರು ನಕ್ಕರು. ನಾನೂ ನಕ್ಕೆ.

ಚಿಕ್ಕಪ್ಪ ಚೆಂಡನ್ನು ಕಿತ್ತುಕೊಂಡು, ಕಾಯಿ ಸುಲಿಯುವ ಕಬ್ಬಿಣದ ಮೊನೆಗೆ ಒತ್ತಿದ. ಗಾಳಿ ಸುಯ್ಯೆಂದು ಹೊರಟಿತು. ತಾತನ ಕಡೆ ಅವನು ನೋಡಲೇ ಇಲ್ಲ.

“ಈಗ ಸದ್ದು ಬಂತೇನೇ ಪುಟ್ಟಿ?” ಎಂದು ನನ್ನನ್ನು ಕೇಳಿದ.