ಅಪ್ಪನಿಗೆ ಕಟ್ಟಿದ ಅಂಟಿನ ಉಂಡೆ

ಮೊಮ್ಮಗಳು ಹುಟ್ಟಿದ ಖುಷಿಗೆ ಕೈಕಾಲು ನಿಲ್ಲುತ್ತಿಲ್ಲ, ಆದರೂ ಬಾಣಂತಿ ಮಗಳ ಉಂಡೆಗೆಂದು ತುಪ್ಪದಲ್ಲಿ ಅಂಟು ಹುರಿಯುವಾಗ ಈ ವಾಸನೆ ನನ್ನನ್ನು ಸನತ್‌ನಗರದ ಒಂದು ಮಧ್ಯಾಹ್ನಕ್ಕೆ ಎಳೆಯುತ್ತದೆ.

ಅಪ್ಪನಿಗೆ ಎದೆಯ ಆಪರೇಶನ್ ಆಗಬೇಕಿತ್ತು. ಡಾಕ್ಟರು ಚೀಟಿಯಲ್ಲಿ ಒಂದು ಸಾಲು ಬರೆದು ಮನೆಗೆ ಕಳಿಸಿಬಿಟ್ಟಿದ್ದರು. ಐದನೇ ಇಯತ್ತೆ ನನ್ನ ಶಾಲೆಯ ಕೊನೆಯ ವರ್ಷ. ಅಕ್ಷರ ಕೂಡಿಸಿ ಓದಿದೆ: "ಟೂ ವೀಕ್ ಫಾರ್ ಆಪರೇಶನ್."

"ಟೂ ಅಂದ್ರ ಏನವಾ?" ಅವ್ವ ಕೇಳಿದಳು.

"ಭಾಳ. ಅಪ್ಪ ಭಾಳ ವೀಕ್ ಅದಾರಂತ."

"ಅಷ್ಟ ಏನ? ಬಾಣಂತಿಗೆ ಕಸುವು ಕೊಡೋ ಉಂಡಿ ಇವರಿಗೆ ಕೊಡೂದಿಲ್ಲೇನ?" ಎಂದವಳೇ ಬೇಗಂ ಬಜಾರಿಗೆ ಹೋಗಿ ಅಂಟು, ಒಣಕೊಬ್ಬರಿ, ಉತ್ತತ್ತಿ ತಂದಳು. ಬಿಸಿ ಬೆಲ್ಲದಲ್ಲಿ ಅಂಗೈ ಕೆಂಪಾಗುವವರೆಗೂ ಉಂಡೆ ಕಟ್ಟಿದಳು.

ಅಪ್ಪ ನನ್ನಿಂದ ಚೀಟಿ ಇಸಿದುಕೊಂಡರು. ಕಾರ್ಖಾನೆಯ ಬಾಯ್ಲರಿನ ಮೇಲೆ "ಟೂ ಹಾಟ್ ಟು ಟಚ್", ಅಂದರೆ ಮುಟ್ಟಲಾಗದಷ್ಟು ಬಿಸಿ, ಎಂಬ ಫಲಕ ನೋಡಿ ಇಪ್ಪತ್ತು ವರ್ಷ ಕೈ ಹಿಂದಕ್ಕೆ ಎಳೆದುಕೊಂಡಿದ್ದವರು ಅವರು. ಆ ಸಾಲನ್ನು ಬಹಳ ಹೊತ್ತು ನೋಡಿದರು.

"ನನ್ನ ಮಗಳು ಖರೇನ ಓದ್ಯಾಳ," ಎಂದು ಚೀಟಿ ಮಡಚಿ ಅಂಗಿಯ ಕಿಸೆಗೆ ಹಾಕಿದರು.

ಅವ್ವ ಉಂಡೆ ಕೊಟ್ಟಳು. ಅಗಿಯಲಾಗದೆ ಬಾಯಲ್ಲೇ ಇಟ್ಟುಕೊಂಡು ಅಪ್ಪ ಮತ್ತೆ ಕೈ ಚಾಚಿದರು. "ಇನ್ನೊಂದು ಕೊಡು."